ಕಂಪನಿಯ ಟೋಪಿ

"ನಗಮ್ಮಾ ಸ್ವಲ್ಪ. ಸಾರಂಗದ ಹಿಕ್ಕೆ ವಾಸನೆ ಫೋಟೋದಲ್ಲಿ ಬರಲ್ಲ," ಎಂದರು ಹಾಲ್ವರ್ಸನ್ ಸಾಹೇಬರು.

ಅವರು ಸ್ಕೀ ಸಂಘದ ದೊಡ್ಡ ಮನುಷ್ಯ. ನಮ್ಮ ಹುಡುಗಿ ರಿಸ್ತೆನ್, ದೇಶದ ಸ್ಕೀ ತಂಡಕ್ಕೆ ಸೇರಿದ ಮೇಲೆ ಅವರಿಗೆ ಹಿಮಸಾರಂಗ ಸಾಕುವ ನಮ್ಮ ಸಾಮಿ ಜನರ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತ್ತು. ನಾನು ಅವಳ ಚಿಕ್ಕಪ್ಪ. ಹಿಮದಲ್ಲಿ ಮೊಣಕಾಲೂರಿ ಅವಳ ಸ್ಕೀ ಹಲಗೆಗಳಿಗೆ ಜಾರಲೆಂದು ಮೇಣ ಉಜ್ಜುತ್ತಿದ್ದೆ.

"ನಿಮ್ಮ ಮಂದೇಲಿ ಎಷ್ಟು ಹಿಮಸಾರಂಗ ಇದಾವಯ್ಯ?" ಎಂದು ನನ್ನನ್ನು ಕೇಳಿದರು. ಬ್ಯಾಂಕಿನಲ್ಲಿ ಎಷ್ಟಿಟ್ಟಿದ್ದೀಯ ಎಂದು ಕೇಳುವುದೂ ಒಂದೇ, ನಮ್ಮಲ್ಲಿ ಇದನ್ನು ಕೇಳುವುದೂ ಒಂದೇ.

"ಮರದ ಆ ಕಡೀಕೂ ಅವೆ, ಈ ಕಡೀಕೂ ಅವೆ ಸ್ವಾಮಿ. ನಿಮ್ಮ ಗಣಿಯೋರು ಗುಡ್ಡ ಅಗೆದ್ರೆ ಯಾವ ಕಡೀಕೂ ಇರಾಕಿಲ್ಲ."

ಸಾಹೇಬರು ಒಳ್ಳೆಯ ಜೋಕು ಕೇಳಿದವರಂತೆ ನಕ್ಕರು. ರಿಸ್ತೆನ್ ಕೈಗೆ ಕಿವಿ ಮುಚ್ಚುವ ಉಣ್ಣೆಯ ಟೋಪಿ ಕೊಟ್ಟರು. ಟೋಪಿಯ ಕಿವಿಗಳಂತೆ ಇಳಿಬಿದ್ದ ಎರಡೂ ಪಟ್ಟಿಗಳ ಮೇಲೆ ಅದೇ ಗಣಿ ಕಂಪನಿಯ ಹೆಸರು. ನಮ್ಮ ಸಾರಂಗಗಳು ಮರಿ ಹಾಕುವ ಗುಡ್ಡವನ್ನು ನುಂಗಲು ಹೊರಟ ಕಂಪನಿಯೇ ತಂಡವನ್ನೂ ಸಾಕುತ್ತಿತ್ತು.

"ನಾನಿದನ್ನ ಹಾಕ್ಕಳಲ್ಲ," ಎಂದಳು ರಿಸ್ತೆನ್.

"ಹಾಕ್ಕೊಳ್ದಿದ್ರೆ ತಂಡದಲ್ಲಿ ಜಾಗ ಇಲ್ಲ. ವಾಪಸ್ ಹೋಗಿ ಸಾರಂಗ ಕಾಯಿ. ನೀನೀಗ ನಮ್ಮೋಳು, ನೆನಪಿರ್ಲಿ."

ಅವರು ಕಾಫಿಗೆ ಹೋದರು. ಮಂದೆಯ ಹಿಂದೆ ಓಡಿ ಓಡಿಯೇ ಇಲ್ಲಿಗೆ ಬಂದ ಹುಡುಗಿ ಇವಳು.

"ಹಾಕ್ಕಂಡ್ಬುಡವ್ವಾ," ಎಂದೆ. "ಓಡೋದು ಕಾಲು, ಟೋಪಿ ಅಲ್ಲ."

"ಬೋಳಿಮಕ್ಳು ಗುಡ್ಡ ನುಂಗ್ತಾರೆ, ನಾನು ಅವರ ಗುರ್ತು ಹೊತ್ಕಂಡು ಓಡ್ಬೇಕಾ ಚಿಕ್ಕಪ್ಪ? ಚಾಕು ಕೊಡಿಲ್ಲಿ."

ನಾವು ಸಾರಂಗದ ಮರಿಗಳ ಕಿವಿಯಂಚನ್ನು ಕತ್ತರಿಸಿ ಮನೆಯ ಗುರುತು ಹಾಕುತ್ತೇವೆ. ಕಿವಿ ನೋಡಿದರೆ ಯಾರ ಮನೆಯದೆಂದು ಮಕ್ಕಳೂ ಹೇಳುತ್ತವೆ. ಸೊಂಟದ ಚಾಕು ತೆಗೆದುಕೊಟ್ಟೆ. ಅವಳು ಟೋಪಿಯ ಎಡಗಿವಿಗೆ ಎರಡು ಕಚ್ಚು ಹಾಕಿದಳು, ಬಲಗಿವಿಯ ತುದಿಯನ್ನು ಓರೆಯಾಗಿ ಹಾರಿಸಿದಳು. ಅದು ನಮ್ಮಪ್ಪ ಇಸ್ಸಾತನ ಮನೆಯ ಗುರುತು. ಕಂಪನಿಯ ಅರ್ಧ ಹೆಸರು ಹಿಮದ ಮೇಲೆ ಬಿತ್ತು. ಟೋಪಿ ಹಾಕಿಕೊಂಡು ಹೋಗಿ ಓಟದ ಗೆರೆಯಲ್ಲಿ ನಿಂತಳು.

ಕ್ಯಾಮೆರಾಗಳೆಲ್ಲ ಅತ್ತ ತಿರುಗಿದವು. ಸಾಹೇಬರು ಕಾಫಿ ಚೆಲ್ಲಿಕೊಂಡು ಓಡಿ ಬಂದರು.

"ಏಯ್, ಏನ್ ಮಾಡಿದಾಳೆ ಅವಳು? ಹೊಲಿ ಅದನ್ನ, ಈಗ್ಲೇ ಹೊಲಿ."

"ಕುಯ್ದ ಕಿವಿ ಹೊಲಿಯಾಕಾಗಲ್ಲ ಸ್ವಾಮಿ."

"ಇದೇ ಅವಳ ಕೊನೇ ಓಟ, ತಿಳ್ಕೋ."

ಓಟ ಶುರುಮಾಡುವ ಗುಂಡು ಹಾರಿತು. ರಿಸ್ತೆನ್ ಹೊರಟಳು. ಬೇಲಿಯಾಚೆ ನಮ್ಮ ಜನ ಕತ್ತು ಚಾಚಿ ಕಿವಿಗಳನ್ನು ನೋಡುತ್ತಿದ್ದರು.

"ಯಾರ ಮನೇದ್ಲಾ ಅದು?" ಎಂದು ಕಣ್ಣು ಮಂಜಾದ ಮುದುಕಿಯೊಬ್ಬಳು ಕೇಳಿದಳು.

"ಇಸ್ಸಾತನ ಮನೇದು," ಎಂದಿತು ಇಡೀ ಬೇಲಿ.