ಬಾರದ ಕೊನೆಯ ಡಬ್ಬ

ಹಾಸಿಗೆ ಅಕ್ಕನ ಕೂದಲು ಯಾವಾಗ ನೆರೆಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಮೊದಲಿನಿಂದಲೂ ಅವಳ ತಲೆಯ ತುಂಬಾ ಹತ್ತಿಯೇ. ಅಂಗಡಿಯ ಮುಂಭಾಗದಲ್ಲಿ ಹಾಸಿಗೆ ಹೊಲಿಯುವುದು, ಹಿಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಯಂತ್ರ. ಅದು ತಿರುಗಿತೆಂದರೆ ಆ ಕೋಣೆಯಲ್ಲಿ ನೆಲ ಯಾವುದು, ಗೋಡೆ ಯಾವುದು ತಿಳಿಯದು. ಕಿಟಕಿಯ ಬಿಸಿಲಿನಲ್ಲಿ ಎಳೆಗಳು ಏಳುತ್ತವೆ, ಇಳಿಯುತ್ತವೆ, ಯಾವುದಕ್ಕೂ ಎಲ್ಲಿಗೂ ಹೋಗುವ ಅವಸರವಿಲ್ಲ. ಅಲ್ಲಿ ನಿಂತಾಗಲೆಲ್ಲ ಅಕ್ಕನಿಗೆ ಕೊಕ್ಕರೆ ಹುಡುಗಿಯ ನೆನಪು.

ಕೊಕ್ಕರೆ ಹುಡುಗಿ ಎಂದರೆ ಒಂದು ಸಿನಿಮಾದವಳು. ಯಾವ ದೇಶದ್ದೋ, ಯಾವ ಭಾಷೆಯದ್ದೋ, ಮಾತು ಒಂದಕ್ಷರ ಅರ್ಥವಾಗುತ್ತಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಹಳೆಯ ಅಜ್ಜಿಕಥೆಯ ಕೈಗೆ ಕತ್ತಿ ಕೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿ ಆಕಾಶಕ್ಕೆ ಎಳೆದಿದ್ದರು, ಅಷ್ಟೇ. ಅದರಲ್ಲೊಬ್ಬ ಕಪ್ಪೆ ಸೇನಾಪತಿ. ಉಸಿರೆಳೆದರೆ ಇಡೀ ದಂಡು ಅವನ ಹೊಟ್ಟೆಗೆ, ಆಕಳಿಸಿದರೆ ಅಷ್ಟೂ ಜನ ಹೊರಗೆ, ತಲೆ ಬಾಚಿದ್ದು ಕೂಡ ಕೆಟ್ಟಿರುವುದಿಲ್ಲ. ಇನ್ನೊಬ್ಬ ಹುಬ್ಬಿನ ಮುದುಕ. ಅವನು ಗೊರಕೆ ಹೊಡೆಯುತ್ತಿದ್ದರೆ ಅವನ ಹುಬ್ಬುಗಳು ಹಾವಿನಂತೆ ಬೆಳೆದು ಶತ್ರುಗಳನ್ನು ಕಂತೆ ಕಟ್ಟುತ್ತಿದ್ದವು. ಕೊಕ್ಕರೆ ಹುಡುಗಿಯೋ, ಕತ್ತಿಗಳ ಸುರಿಮಳೆಯ ನಡುವೆ ಒಂದು ಹುಲ್ಲುಕಡ್ಡಿಯ ತುದಿಯಲ್ಲಿ ಒಂಟಿ ಕಾಲಿನಲ್ಲಿ ನಿಂತು ಜಡೆ ಸರಿಮಾಡಿಕೊಳ್ಳುತ್ತಿದ್ದಳು. ಹಗ್ಗ ಕಾಣುತ್ತಿತ್ತು. ಕಂಡರೇನು? ತೊಟ್ಟಿಲಿನ ಹಗ್ಗವೂ ಕಾಣುತ್ತದೆ, ಅಷ್ಟಕ್ಕೆ ಮಗು ನಿದ್ದೆ ಮಾಡುವುದಿಲ್ಲವೇ?

ಕಪ್ಪೆ ಸೇನಾಪತಿಯ ಜೀವ ಏಳು ಸಮುದ್ರದಾಚೆಯ ಕಣಿವೆಯ ತಳದಲ್ಲಿ ಒಂದು ದೀಪದೊಳಗಿತ್ತು. ಅದನ್ನು ಆರಿಸಲು ಕೊಕ್ಕರೆ ಹುಡುಗಿ ಬೆಟ್ಟದ ತುದಿಯಿಂದ ಹಾರಿದಳು. ಹಾರಿದಂತೆ ಗರಿಗಳು ಒಂದೊಂದಾಗಿ ಕಳಚಿದವು. ಕೆಳಗೆ ಮೋಡ. ಅವಳು ಮೋಡದೊಳಗೆ ಇಳಿದಳು, ಪರದೆಯೆಲ್ಲ ಬೆಳ್ಳಗಾಯಿತು, ಸಿನಿಮಾ ಹಾಲಿನ ದೀಪ ಹತ್ತಿತು.

ಅಕ್ಕ ತಂಗಿ ಇಬ್ಬರೂ ಚಿಕ್ಕವರಾಗಿದ್ದ ಆ ಕಾಲದಲ್ಲಿ ಒಂದೇ ಸಿನಿಮಾವನ್ನು ಎರಡು ಹಾಲಿನವರು ಹಂಚಿಕೊಳ್ಳುತ್ತಿದ್ದರು. ಅಲ್ಲಿ ಒಂದು ಡಬ್ಬದ ಫಿಲ್ಮ್ ಓಡಿ ಮುಗಿದರೆ ಅದನ್ನು ಸೈಕಲ್ಲಿನಲ್ಲಿ ಇಲ್ಲಿಗೆ ತರುವುದು. ಅವತ್ತು ಸೈಕಲ್ಲಿನ ಟೈರು ಒಡೆಯಿತು, ಕೊನೆಯ ಡಬ್ಬ ಬರಲೇ ಇಲ್ಲ. ಜನ ಸೀಟಿ ಹೊಡೆದರು, ಕುರ್ಚಿ ಬಡಿದರು, ಮನೆಗೆ ಹೋದರು. ಮರುದಿನ ಬೇರೆ ಸಿನಿಮಾ.

ಮನೆಗೆ ಹೋಗುವ ದಾರಿಯಲ್ಲಿ ತಂಗಿ ಕೇಳಿದ್ದಳು, "ಅವಳು ಬಿದ್ದು ಸತ್ತಳಾ ಅಕ್ಕ?"

"ಇಲ್ಲ ಕಣೆ ಪುಟ್ಟಿ. ಆ ಮೋಡ ಹತ್ತೀದು. ಅದರ ಮೇಲೆ ಮೆತ್ತಗೆ ಕೂತ್ಕೊಂಡಳು."

"ಸುಳ್ಳಿ. ನೀನೇನು ಒಳಗೆ ಹೋಗಿ ನೋಡಿದ್ಯಾ?"

ಅಂದು ಶುರುವಾದ ಜಗಳ ಇಬ್ಬರಿಗೂ ಮದುವೆಯಾಗಿ, ಮಕ್ಕಳಾಗಿ, ಚಾಳೀಸು ಬಂದರೂ ಮುಗಿಯಲಿಲ್ಲ. ತಂಗಿ ಬಸ್ ಕಂಡಕ್ಟರಾದಳು. ತುಂಬಿದ ಬಸ್ಸನ್ನು ಒಂದು ಕೂಗಿಗೆ ಗಪ್‌ಚಿಪ್ ಮಾಡುವ ಹೆಂಗಸು, ಅಕ್ಕನಿಗೆ ಮಾತ್ರ ಪುಟ್ಟಿಯಾಗಿಯೇ ಉಳಿದಳು. ಅವಳದೊಂದು ಶಾಸ್ತ್ರವಿತ್ತು. "ಹತ್ತುವಾಗ ಎಲ್ಲರೂ ಒಂದೇ ಕಣೆ, ನುಗ್ಗೋದೇ. ಜನ ಹೇಗಿದಾರೆ ಅಂತ ಇಳಿಯುವಾಗ ಗೊತ್ತಾಗೋದು. ದುಃಖ ಇದ್ದವರು ಎರಡೂ ಕೈಯಲ್ಲಿ ಕಂಬಿ ಹಿಡ್ಕೊಂಡು ಇಳೀತಾರೆ."

ಈಗ ಅದೇ ಪುಟ್ಟಿ ಆಸ್ಪತ್ರೆಯ ಹಾಸಿಗೆಯಲ್ಲಿ ಎರಡೂ ಕೈಯಲ್ಲಿ ಮಂಚದ ಕಂಬಿ ಹಿಡಿದು ಕೂತಿದ್ದಳು. ಎದೆಯೊಳಗಿನ ಕವಾಟ ಕೆಟ್ಟಿತ್ತು. ಆಪರೇಷನ್ ಆಗದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಸುತ್ತಿಬಳಸದೆ ಹೇಳಿದ್ದರು. ಅವಳು ಮಾತ್ರ ಒಲ್ಲೆ ಎನ್ನುತ್ತಿದ್ದಳು.

"ಕತ್ತರಿಗೆ ನಾನು ಹೆದರಲ್ಲ ಅಕ್ಕ. ಆ ಮಲಗಿಸೋ ಸೂಜಿ ಇದೆಯಲ್ಲ, ಅದು. ಪಕ್ಕದ ಮಂಚದವಳನ್ನ ಕೇಳಿದೆ, ಏನಾಗುತ್ತೆ ಅಂತ. ಎಲ್ಲಾ ಬೆಳ್ಳಗಾಗುತ್ತಂತೆ."

"ಆಗ್ಲಿ ಬಿಡು. ಆಮೇಲೆ ಎಚ್ಚರ ಆಗುತ್ತೆ."

"ಅವಳಿಗೆ ಆಯ್ತಾ? ಕೊಕ್ಕರೆ ಹುಡುಗಿಗೆ? ಅದನ್ನ ಹೇಳು. ಆಮೇಲೆ ಸೂಜಿ ಚುಚ್ಚಿಸ್ಕೋತೀನಿ. ಹತ್ತಿ ಮೋಡ ಅಂತ ಮಾತ್ರ ಹೇಳಬೇಡ. ಹಾಸಿಗೆಯವಳಿಗೆ ಎಲ್ಲಿ ನೋಡಿದ್ರೂ ಹಾಸಿಗೆನೇ."

ಇದೇನು ತಮಾಷೆ ಅಲ್ಲವೆಂದು ಅಕ್ಕನಿಗೆ ಅವಳ ಬೆರಳಿನ ಗಂಟುಗಳನ್ನು ನೋಡಿಯೇ ಗೊತ್ತಾಯಿತು. ಬಿಳಿಚಿಕೊಂಡಿದ್ದವು. ಪುಟ್ಟಿಯ ಮಗಳು ಫೋನಿನಲ್ಲಿ ಹುಡುಕಿ ನೋಡಿದಳು. "ದೊಡ್ಡಮ್ಮ, ಹೆಸರೇ ಗೊತ್ತಿಲ್ಲದಿದ್ರೆ ಹೇಗೆ? ಕಪ್ಪೆ, ಕೊಕ್ಕರೆ, ಹಾರೋದು ಅಂತ ಹಾಕಿದ್ರೆ ಪ್ರಾಣಿ ಸಂಗ್ರಹಾಲಯಕ್ಕೆ ದಾರಿ ತೋರಿಸ್ತಿದೆ."

ಇನ್ನು ಉಳಿದದ್ದು ಒಂದೇ ದಾರಿ. ಅಕ್ಕ ಕೊಡೆ ಹಿಡಿದು ಡಬ್ಬದಣ್ಣನನ್ನು ಹುಡುಕಿಕೊಂಡು ಹೊರಟಳು. ಫಿಲ್ಮಿನ ಡಬ್ಬಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಓಡಾಡುತ್ತಿದ್ದವನು ಅವನೇ. ಈಗ ಹಲ್ಲಿಲ್ಲ, ಅಳಿಯನ ಸೈಕಲ್ ಅಂಗಡಿಯ ಮುಂದೆ ಹಳೆಯ ಟೈರುಗಳ ಮೇಲೆ ರಾಜನಂತೆ ಕೂತಿರುತ್ತಾನೆ.

"ಅಣ್ಣಾ, ಕೊಕ್ಕರೆ ಹುಡುಗಿ ಸಿನಿಮಾ ನೆನಪಿದೆಯಾ?"

"ಯಾವ ಸಿನಿಮಾನೂ ನೆನಪಿಲ್ಲ ತಾಯಿ. ನೋಡಿದ್ರೆ ತಾನೆ ನೆನಪಿರೋದು?"

"ಟೈರು ಒಡೆದಿತ್ತಲ್ಲ, ಆ ದಿನದ್ದು."

"ಓ, ಅದಾ. ಸೇತುವೆ ಹತ್ರ ಒಡೀತು. ನಿಮ್ಮ ಹಾಲಿನವರು ನನಗೆ ಎಂಥ ಸಂಸ್ಕೃತದಲ್ಲಿ ಬೈದ್ರು ಅಂದ್ರೆ, ಇನ್ನೂ ಕಿವೀಲಿದೆ."

"ಆ ಕೊನೇ ಡಬ್ಬದಲ್ಲಿ ಏನಿತ್ತು ಅಣ್ಣಾ?"

"ಫಿಲ್ಮ್ ಇತ್ತು."

ಇಷ್ಟು ದೂರ ಬಂದದ್ದಕ್ಕೆ ಇದೇ ಪ್ರಸಾದ. ಅಕ್ಕ ಕೊಡೆ ಬಿಚ್ಚಿ ತಿರುಗುವಷ್ಟರಲ್ಲಿ ಮುದುಕ ತನ್ನಷ್ಟಕ್ಕೆ ನಗಲು ಶುರುಮಾಡಿದ.

"ಸಿನಿಮಾ ನೋಡಿಲ್ಲ, ಆದ್ರೆ ಅದನ್ನ ನೋಡಿದವರನ್ನ ನೋಡಿದೀನಿ. ಆ ಹಾಲಲ್ಲಿ ಕೊನೇ ಡಬ್ಬ ಓಡಿ ಮುಗಿದ ಮೇಲಲ್ವಾ ನನ್ನ ಕೈಗೆ ಕೊಡೋದು? ಸೈಕಲ್ ಹಿಡ್ಕೊಂಡು ಮೆಟ್ಟಿಲ ಕೆಳಗೆ ನಿಂತಿದ್ದೆ. ಜನ ಹೊರಗೆ ಬಂದ್ರು. ಅವತ್ತು ಒಬ್ಬರೂ ಮೆಟ್ಟಿಲು ಇಳೀಲಿಲ್ಲ."

"ಮತ್ತೆ?"

"ಹಾರಿದ್ರು. ಚಿಕ್ಕವರಲ್ಲ ತಾಯಿ, ಬ್ಯಾಂಕಿನ ಮ್ಯಾನೇಜರು, ಹೊಟ್ಟೆ ಇಷ್ಟು ಮುಂದೆ. ಕೊಡೆ ಬಿಚ್ಚಿ ಮೇಲಿಂದಲೇ ಹಾರಿದ. ಅವನ ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಅವನ ಹಿಂದೇನೇ. ಒಬ್ಬಳು ಮುದುಕಿ ಕೊನೇ ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಂತು, ಕಣ್ಣು ಮುಚ್ಚಿ, ಆಮೇಲೆ ಹಾರಿದಳು. ಯಾರೂ ಯಾರನ್ನೂ ನೋಡಿ ನಗಲಿಲ್ಲ. ನಗ್ತಾ ಇದ್ದವನು ನಾನೊಬ್ಬನೇ, ಏನೂ ನೋಡದವನು."

ಅಕ್ಕ ಆಸ್ಪತ್ರೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಬೀದಿಯ ಸದ್ದೆಲ್ಲ ಹತ್ತಿ ತುಂಬಿದ ಕಿವಿಗೆ ಕೇಳಿದಂತೆ ಕೇಳುತ್ತಿತ್ತು.

"ಬಂದ್ಯಾ?" ಎಂದಳು ಪುಟ್ಟಿ. "ಹತ್ತಿ ತಂದಿದ್ರೆ ಹಾಗೇ ವಾಪಸ್ ತಗೊಂಡು ಹೋಗು."

ಅಕ್ಕ ಡಬ್ಬದಣ್ಣ ಹೇಳಿದ್ದಕ್ಕೆ ಉಪ್ಪು ಖಾರ ಹಚ್ಚದೆ ಹೇಳಿದಳು. ಪುಟ್ಟಿ ಟಿಕೆಟ್ ಇಲ್ಲದವನನ್ನು ವಿಚಾರಿಸುವ ಮುಖ ಮಾಡಿ ಕೇಳಿಸಿಕೊಂಡಳು.

"ಮೆಟ್ಟಿಲ ಪಕ್ಕ ಕಂಬಿ ಇತ್ತಾ?"

"ಇತ್ತು. ನನಗೂ ಗೊತ್ತು ಆ ಹಾಲು. ಹಿತ್ತಾಳೆ ಕಂಬಿ."

"ಯಾರೂ ಹಿಡೀಲಿಲ್ಲ?"

"ಹಾರುವವರು ಹೇಗೆ ಹಿಡೀತಾರೆ ಪುಟ್ಟಿ?"

ಪುಟ್ಟಿಯ ಕೈಗಳು ಮಂಚದ ಕಂಬಿಯಿಂದ ಮೆಲ್ಲಗೆ ಸಡಿಲಾಗಿ ಮಡಿಲಿಗೆ ಬಿದ್ದವು.

"ಹುಡುಗಿ ಸತ್ತಿದ್ರೆ ಹಾಗೆ ಇಳೀತಿರಲಿಲ್ಲ ಅವರು," ಎಂದಳು. "ಮ್ಯಾನೇಜರ್ ಅಂತೂ ಖಂಡಿತ ಇಳೀತಿರಲಿಲ್ಲ. ಹೋಗಿ ಡಾಕ್ಟರಿಗೆ ಹೇಳು, ನಾಳೆನೇ ಆಗಿಹೋಗ್ಲಿ."

ಮರುದಿನ ಬೆಳಿಗ್ಗೆ ಪುಟ್ಟಿಯನ್ನು ಒಳಗೆ ಕರೆದೊಯ್ದರು. ಅಕ್ಕ ಹೊರಗಿನ ಬೆಂಚಿನಲ್ಲಿ ಕೂತಳು. ಉದ್ದನೆಯ ಪಡಸಾಲೆ, ತುದಿಯಲ್ಲಿ ಕಿಟಕಿ, ಕಿಟಕಿಯಿಂದ ಬಿಸಿಲು. ಅವಳ ತೋಳಿನಿಂದ ಹತ್ತಿಯ ಎಳೆಯೊಂದು ಎದ್ದು ಆ ಬಿಸಿಲಿನಲ್ಲಿ ಈಜತೊಡಗಿತು. ಪಕ್ಕದಲ್ಲಿ ಯಾರದೋ ತಾತ ನಿದ್ದೆಹೋಗಿದ್ದ, ದಟ್ಟ ಬಿಳಿ ಹುಬ್ಬು. ನೋಡುತ್ತಿದ್ದಂತೆ ಆ ಹುಬ್ಬುಗಳು ಬೆಂಚಿನಿಂದಿಳಿದು, ನೆಲದ ಮೇಲೆ ಹರಿದು, ಮುಚ್ಚಿದ ಬಾಗಿಲ ಸಂದಿನಿಂದ ಒಳಗೆ ನುಸುಳಿದವು. ಒಳಗೆ ಹಸಿರು ಅಂಗಿ ತೊಟ್ಟ ಕಪ್ಪೆ ಸೇನಾಪತಿ ಉಸಿರು ಎಳೆದ. ಇಡೀ ಪಡಸಾಲೆ, ಬೆಂಚು, ಔಷಧದ ಗಾಡಿ, ದಾದಿಯರು, ಎಲ್ಲ ಅವನ ಹೊಟ್ಟೆಗೆ ತೇಲಿಹೋಯಿತು. ಆಕಳಿಸೋ ಮಾರಾಯ, ಆಕಳಿಸು, ಎಂದು ಅಕ್ಕ ಬೇಡಿಕೊಂಡಳು.

"ಅಮ್ಮಾ, ಏಳಿ," ಎಂದಳು ದಾದಿ. "ಎಲ್ಲಾ ಚೆನ್ನಾಗಾಯ್ತು. ನಿಮ್ಮ ತಂಗಿ ಕಣ್ಣು ಬಿಟ್ಟಿದಾರೆ. ಐದೇ ನಿಮಿಷ, ಮಾತಾಡಿಸಬೇಡಿ."

ಮಾತಾಡಿಸುವ ಅಗತ್ಯವೇ ಬೀಳಲಿಲ್ಲ. ಪುಟ್ಟಿಯ ಗಂಟಲಿನಿಂದ ಮುರಿದ ಬಾಗಿಲಿನಂಥ ಸದ್ದು ಬಂತು.

"ಅಕ್ಕ. ನಿನ್ನ ಮೋಡ ಇತ್ತು ಕಣೆ."

"ಹೂಂ."

"ಹತ್ತಿ ನೆಟ್ಟಗೆ ಹಿಂಜಿರಲಿಲ್ಲ. ಬೆನ್ನಿಗೆಲ್ಲ ಗಂಟು ಒತ್ತಿತು."

"ಅದು ಆಸ್ಪತ್ರೆ ಹಾಸಿಗೆ ಕಣೆ. ನನ್ನ ಅಂಗಡೀದಲ್ಲ."

ಪುಟ್ಟಿಯ ತುಟಿಯ ಒಂದು ತುದಿ ಮೇಲೇರಿತು. ಹಾಗೆಯೇ ಮತ್ತೆ ನಿದ್ದೆಗೆ ಜಾರಿದಳು, ಕೈ ಬಿಚ್ಚಿಕೊಂಡು.

ಅಕ್ಕ ಹೊರಬಾಗಿಲಿಗೆ ಬಂದಳು. ಮುಂದೆ ಅಗಲವಾದ ಮೆಟ್ಟಿಲುಗಳು, ಕೆಳಗೆ ಬಿಸಿಲು. ಒಂದೊಂದಾಗಿ ಇಳಿದು, ಕೊನೆಯ ಕೆಲವು ಮೆಟ್ಟಿಲು ಉಳಿದಾಗ ನಿಂತು ಕೊಡೆ ಬಿಚ್ಚಿದಳು.

"ಅಮ್ಮಾ, ಕಾಲು ನೋವಾ? ಪಕ್ಕದಲ್ಲಿ ಇಳಿಜಾರಿದೆ, ಆ ಕಡೆ ಬನ್ನಿ," ಎಂದ ಕಾವಲುಗಾರ.

"ನೀನು ಸ್ವಲ್ಪ ಆಚೆ ನಿಂತ್ಕೋ ಮಗ," ಎಂದಳು ಅಕ್ಕ.

ನೆಲಕ್ಕೆ ಅವಳೇ ಮೊದಲು ಬಂದಳು. ಅವಳ ತಲೆಯಿಂದ ಎದ್ದ ಹತ್ತಿ ಇನ್ನೂ ಇಳಿದಿರಲಿಲ್ಲ.