ಹಡಪಸರ ಲೋಕಲ್ಲಿನ ಕುಂಚಿಗೆ

ನನ್ನ ಭಾವ ಬಿಂದುಮಾಧವ ಪುಣೆಯ ರೈಲುಗಳೆಲ್ಲ ತನ್ನನ್ನು ಕೇಳಿಯೇ ಓಡುತ್ತವೆ ಎಂಬಂತೆ ಮಾತಾಡುವ ಮನುಷ್ಯ. ಅಕ್ಕನ ಗಂಡನಿಗೆ ಬಹುವಚನ ಹಚ್ಚಬೇಕು, ಗೊತ್ತಿದೆ. ಎದುರಿಗೆ ಹಚ್ಚುತ್ತೇನೆ, ಇಲ್ಲಿ ಹಚ್ಚುವುದಿಲ್ಲ. ಅವನ ಕೆಲಸ ರೈಲ್ವೆ ಕಂಪನಿಯ ನಕಾಶೆ ಆಫೀಸಿನಲ್ಲಿ. ಸಾಹೇಬರು ಕಾಗದದ ಮೇಲೆ ಎಳೆದ ಗೆರೆಗಳನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ನಕಲು ಮಾಡುವುದು, ಅಷ್ಟೇ. ಇಪ್ಪತ್ತು ವರ್ಷದಲ್ಲಿ ಒಂದು ಗೆರೆಯನ್ನೂ ಅವನು ಸ್ವಂತ ಎಳೆದವನಲ್ಲ. ಆದರೂ ಮನೆಗೆ ಬಂದು ಕೈಕಾಲು ತೊಳೆದು ಕೂತನೆಂದರೆ ಯಾವ ಸ್ಟೇಷನ್ ಎಲ್ಲಿ ಬರಬೇಕೆಂದು ತಾನೇ ಗೊತ್ತುಮಾಡಿದವನ ಗತ್ತು.

ಆ ಬಟ್ಟೆಯ ವಿಷಯ ಮೊದಲು ಹೇಳಬೇಕು. ಟ್ರೇಸಿಂಗ್ ಬಟ್ಟೆ ಎಂದರೆ ವಿಲಾಯತಿಯ ನವುರಾದ ಅರಿವೆ. ಗಂಜಿ ಹಾಕಿ, ತಿಕ್ಕಿ, ಗಾಜಿನಷ್ಟು ನಯ ಮಾಡಿರುತ್ತಾರೆ. ಯಾವುದಾದರೂ ಕೆಲಸ ರದ್ದಾಯಿತೆಂದರೆ ಅದರ ನಕಾಶೆಗಳ ಮೂಲೆಗೆ ರದ್ದು ಎಂದು ತಾರೀಖಿನ ಸಮೇತ ಶಿಕ್ಕಾ, ಅಂದರೆ ಮುದ್ರೆ, ಒತ್ತಿ ಅತ್ತ ಎಸೆಯುತ್ತಿದ್ದರು. ಆಫೀಸಿನವರು ಅವನ್ನು ಹರಿದು ಹಂಚಿಕೊಂಡು ಮನೆಗೆ ಒಯ್ಯುತ್ತಿದ್ದರು. ಬಿಸಿನೀರಿನಲ್ಲಿ ನೆನೆಸಿ ಒಗೆದರೆ ಗಂಜಿಯೂ ಶಾಯಿಯೂ ಬಿಟ್ಟು, ಪೇಟೆಯಲ್ಲಿ ಎಲ್ಲೂ ಸಿಗದಂಥ ಮೆತ್ತನೆಯ ಬಟ್ಟೆ ಉಳಿಯುತ್ತಿತ್ತು. ಹತ್ತಾರು ಬಿಡಾರಗಳ ನಮ್ಮ ವಾಡೆಯ ಅರ್ಧ ಕೂಸುಗಳು ಇಂಥ ಅಂಗಿ ತೊಟ್ಟೇ ಬೆಳೆದವು. ನಾನೂ ನನ್ನ ಅಕ್ಕ ರಂಗೂಬಾಯಿಯೂ ಬಾವಿಕಟ್ಟೆಯ ಮೇಲೆ ಎದುರುಬದುರು ನಿಂತು, ಒಬ್ಬೊಬ್ಬರು ಒಂದೊಂದು ತುದಿ ಹಿಡಿದು, ಎಷ್ಟು ಸೇತುವೆ, ಎಷ್ಟು ಗೋದಾಮು ಹಿಂಡಿದ್ದೇವೋ.

ನಾರಾಯಣ ಪೇಟೆಯ ಆ ವಾಡೆಯಲ್ಲಿ ನಮ್ಮ ಅಪ್ಪ ಎರಡು ಖೋಲಿ, ಒಂದು ಹೊರಗಿನ ಕೋಣೆ, ಒಂದು ಒಳಗಿನದು, ಬಾಡಿಗೆಗೆ ಹಿಡಿದಿದ್ದ, ಧಾರವಾಡದಿಂದ ಕಾರಕೂನಿಕೆಗೆ ಬಂದ ಹೊಸತರಲ್ಲಿ. ಅಪ್ಪನ ಕೊನೆಗಾಲದಲ್ಲಿ ನೋಡಿಕೊಳ್ಳಲು ನಾನೂ ನಮ್ಮವರೂ ಅಲ್ಲಿಗೆ ಬಂದೆವು. ಅವನು ಹೋದ ಮೇಲೆ ಅಲ್ಲೇ ಉಳಿದೆವು. ಎದುರಿನ ಒಂದೇ ಖೋಲಿಯಲ್ಲಿ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು. ನಮಗೆ ಮಕ್ಕಳಿಲ್ಲ. ನಮ್ಮವರ ಹೆಸರು ಪ್ರಲ್ಹಾದ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎನ್ನುತ್ತಾರೆ, ಬರೆಯಬಾರದು ಎಂದು ಯಾರೂ ಹೇಳಿಲ್ಲ. ಖಡಕಿಯ ಕಾರ್ಖಾನೆಯಲ್ಲಿ ಅವರದು ಸ್ಟೋರಿನ ಕಾರಕೂನಿಕೆ. ಎದೆ ಮೊದಲಿನಿಂದಲೂ ಅಷ್ಟು ಗಟ್ಟಿಯಲ್ಲ, ಆದರೆ ವಾಡೆಯಿಂದ ಸೈಕಲ್ ಮೇಲೆ ನಿಧಾನ ಹೋದರೂ ಕಾರ್ಖಾನೆಯ ಭೋಂಗಾ ಕೂಗುವುದರೊಳಗೆ ಮುಟ್ಟುತ್ತಿದ್ದರು.

೧೯೩೭ರ ದೀಪಾವಳಿಯಿಂದ ಭಾವನಿಗೆ ಒಂದೇ ಜಪ ಹತ್ತಿತು. ಲೋಕಲ್ ರೈಲು ಬರುತ್ತದೆ. ಹಡಪಸರದಿಂದ ಹೊರಟು, ಸ್ವಾರ್ಗೇಟ್ ಹಾದು, ಊರಿನ ಹೊಟ್ಟೆಯೊಳಗಿಂದಲೇ ಭಾಂಬುರ್ಡೆಗೆ, ಅಲ್ಲಿಂದ ಖಡಕಿಗೆ. ಬೆಳಿಗ್ಗೆ ಸಂಜೆ ತಾಸಿಗೆ ನಾಲ್ಕು ಗಾಡಿ. ನಕಾಶೆ ತನ್ನ ಮೇಜಿನ ಮೇಲೇ ಇದೆ, ಹೊಸ ಹಳಿಯ ಕೆಂಪು ಗೆರೆ ತನ್ನ ಕೈಯಾರೆ ಎಳೆದದ್ದು. ಹಡಪಸರದಲ್ಲಿ ಗಾಳಿ ಚೊಕ್ಕ, ಪ್ರಲ್ಹಾದನ ಎದೆಗೆ ಒಳ್ಳೆಯದು, ಇಪ್ಪತ್ತೈದು ಮಿನಿಟಿನಲ್ಲಿ ಖಡಕಿ. ಲೋಕಲ್ ಬಂದ ಮೇಲೆ ಹೋಗುತ್ತೇನೆಂದರೆ ಅಲ್ಲಿ ದನದ ಕೊಟ್ಟಿಗೆಯೂ ಬಾಡಿಗೆಗೆ ಸಿಗುವುದಿಲ್ಲ, ಹೋಗುವವರು ಈಗಲೇ ಹೋಗಬೇಕು. ಹೀಗೆ ದಿನಾ ಸಂಜೆ. ನಮ್ಮವರು ಪಾಪದ ಮನುಷ್ಯ. ನಕಾಶೆ ಬರೆದವನೇ ಹೇಳುತ್ತಿದ್ದಾನೆ ಎಂದ ಮೇಲೆ ಅವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮರುವರ್ಷ ಅಕ್ಷಯ ತದಿಗೆಯ ದಿನ ನಾವು ಹಡಪಸರಕ್ಕೆ ಹೋದೆವು. ವಾಡೆಯ ಮಾಲಕರಿಗೆ ಭಾವ ಮೊದಲೇ ಹೇಳಿಟ್ಟಿದ್ದ; ನಮ್ಮ ಎರಡೂ ಖೋಲಿ ಅವನ ಹೆಸರಿಗಾದವು, ಅವನ ಒಂಟಿ ಖೋಲಿ ಬೇರೆಯವರಿಗೆ ಹೋಯಿತು. ನಮ್ಮ ಸಾಮಾನಿನ ಚಕ್ಕಡಿ ಓಣಿ ದಾಟುವ ಮೊದಲೇ ಅವನ ಟ್ರಂಕು ನಮ್ಮ ಹೊರಖೋಲಿಯಲ್ಲಿ ಕೂತಿತ್ತು. ಆವತ್ತು ಅದನ್ನು ನೋಡಿ ನಾನು ನಕ್ಕಿದ್ದೆ.

ಎಂಟು ತಿಂಗಳಾಯಿತು. ಲೋಕಲ್ ಇಲ್ಲ, ಹಳಿ ಇಲ್ಲ, ಒಂದು ಗುದ್ದಲಿ ನೆಲಕ್ಕೆ ಬಿದ್ದಿಲ್ಲ. ಇದ್ದ ಗಾಡಿಗಳು ಕಾರ್ಖಾನೆಯ ಹೊತ್ತಿಗೆ ಹೊಂದುತ್ತಿರಲಿಲ್ಲ. ನಮ್ಮವರು ದಿನಾ ಹೋಗುವಾಗ ಒಂಬತ್ತು ಮೈಲಿ, ಬರುವಾಗ ಒಂಬತ್ತು ಮೈಲಿ ಸೈಕಲ್ ತುಳಿದರು. ಮಳೆಗಾಲದಲ್ಲಿ ಹತ್ತಿದ ಕೆಮ್ಮು ಚಳಿಗಾಲ ಬಂದರೂ ಬಿಡಲಿಲ್ಲ. ಸೈಕಲ್ ಬಿಡಿಸಿರಿ, ಇಲ್ಲವಾದರೆ ಮುಂದಿನ ಮಳೆಗಾಲದ ಮಾತು ನನ್ನನ್ನು ಕೇಳಬೇಡಿರಿ ಎಂದು ಡಾಕ್ಟರು ನನಗೆ ನೇರವಾಗಿ ಹೇಳಿದರು. ಮೂರು ಸಲ ಭೋಂಗಾ ತಪ್ಪಿತ್ತು. ನಾಲ್ಕನೆಯ ಸಲ ತಪ್ಪಿದರೆ ಮನೆಯಲ್ಲೇ ಇರು ಎಂದು ಕಾರ್ಖಾನೆಯವರು ಹೇಳಿದ್ದರು. ಊರೊಳಗೆ ಬೇರೆ ಖೋಲಿ ನಮ್ಮ ಪಗಾರಕ್ಕೆ ಎಟಕುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಅಪ್ಪನ ಹೊರಖೋಲಿ, ಅದೊಂದೇ. ಎರಡು ಸಲ ಹೋಗಿ ಕೇಳಿದೆ. ಎರಡು ಸಲವೂ ಭಾವ ಎಲೆಅಡಿಕೆ ಹಾಕಿಕೊಳ್ಳುತ್ತ, ಲೋಕಲ್ ತಡವಾಗಿದೆ, ಬರುವುದಿಲ್ಲ ಎಂದು ಯಾರು ಹೇಳಿದರು, ಇನ್ನೊಂದು ವರ್ಷ ತಡೆದುಕೊಳ್ಳಿರಿ ಎಂದ. ಅಕ್ಕ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು.

ಜನವರಿಯಲ್ಲಿ ಅಕ್ಕ ಮೂರನೆಯ ಗಂಡುಮಗುವನ್ನು ಹಡೆದಳು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದು. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಮಾನ ಸೋದರತ್ತೆಯದು. ಭಾವನಿಗೆ ಅಕ್ಕತಂಗಿಯರಿಲ್ಲವಾದ್ದರಿಂದ ನನ್ನನ್ನೇ ಕರೆದರು. ಊಟ ಮುಗಿದ ಮೇಲೆ ಮೂರನೆಯ ಸಲ ಖೋಲಿ ಕೇಳಬೇಕು, ಬೇಕಾದರೆ ಕಾಲು ಹಿಡಿಯಬೇಕು ಎಂದುಕೊಂಡೇ ನಾನು ಹೋದೆ. ನಮ್ಮವರು ಒಂದು ದಿನದ ರಜೆ ಹಾಕಿ ಜೊತೆಗೆ ಬಂದಿದ್ದರು. ಹೊರಖೋಲಿಯಲ್ಲಿ ಗಂಡಸರು ಕೂತಿದ್ದರು. ಭಾವನ ಆಫೀಸಿನ ಹೆಡ್ ಟ್ರೇಸರ್, ಬೆಳಗಾವಿಯ ಅವಧೂತರಾಯರು, ಲೋಡಿಗೆ ಒರಗಿ ಎಲ್ಲರಿಗಿಂತ ಮೇಲೆ. ನಮ್ಮವರು ಬಾಗಿಲ ಬಳಿ, ಕೆಮ್ಮಿದರೆ ಯಾರಿಗೂ ತೊಂದರೆಯಾಗದ ಜಾಗದಲ್ಲಿ.

ಒಳಖೋಲಿಯ ತೊಲೆಗೆ ಅಪ್ಪ ಹೊಡೆಸಿದ ಕೊಂಡಿಗೇ ತೊಟ್ಟಿಲು ಕಟ್ಟಿದ್ದರು. ನನ್ನ ಕೂಸು ತೂಗಲೆಂದು ಅಪ್ಪ ಹೊಡೆಸಿದ ಕೊಂಡಿ ಅದು. ಅಕ್ಕ ಪಕ್ಕದಲ್ಲಿ ಮಣೆಯ ಮೇಲೆ ಕೂತಿದ್ದಳು. ಹೆಂಗಸರು ಜೋಗುಳ ಹಾಡಿದರು. ಹೆಸರು ಹೇಳುವವಳು ತೊಟ್ಟಿಲೊಳಗೆ ಬಗ್ಗಿದಾಗ ಉಳಿದವರು ಅವಳ ಬೆನ್ನಿಗೆ ಗುದ್ದುವುದು ನಮ್ಮಲ್ಲಿಯ ರೂಢಿ. ನಾನು ಬಗ್ಗಿದೆ. ಗುದ್ದುಗಳು ಬಿದ್ದವು, ನಗೆ ಎದ್ದಿತು. ಕೂಸಿನ ತಲೆಗೆ ಹೊಸ ಕುಂಚಿಗೆ ಹಾಕಿದ್ದರು, ಬೆನ್ನಿನವರೆಗೆ ಇಳಿಬಿಟ್ಟದ್ದು. ಕಿವಿ ಹುಡುಕಲು ಅದರ ಅಂಚನ್ನು ಹಿಂದಕ್ಕೆ ಮಡಚಿದೆ.

ಮಡಿಕೆಯ ಒಳಗೆ ಶಿಕ್ಕಾ ಇತ್ತು.

ನೇರಳೆ ಬಣ್ಣದ್ದು. ಬರೆಯುವ ಶಾಯಿ ನೀರಿಗೆ ಬಿಡುತ್ತದೆ, ಶಿಕ್ಕಾದ್ದು ಎಣ್ಣೆಯ ಶಾಯಿ, ಬಿಡುವುದಿಲ್ಲ. ನಾನು ಇಂಗ್ಲಿಷ್ ಎರಡನೆಯ ಇಯತ್ತೆಯವರೆಗೆ ಓದಿದವಳು. ರದ್ದು ಎಂಬ ಮಾತನ್ನೂ ತಾರೀಖನ್ನೂ ಓದಲು ಅಷ್ಟು ಸಾಕು. ೧೯೩೮, ಫೆಬ್ರುವರಿ ಇಪ್ಪತ್ನಾಲ್ಕು. ಅದರ ಮೇಲೆ ನಿಬ್ಬು ಕೊರೆದ ಗುರುತು ಇನ್ನೂ ಉಳಿದಿತ್ತು, ಭಾವನ ದುಂಡನೆಯ ಅಕ್ಷರ: ಹಡಪಸರ, ಖಡಕಿ.

ಆ ಬಟ್ಟೆಯನ್ನು ನಾನು ಬಲ್ಲೆ. ರಂಗಪಂಚಮಿಯ ಮರುದಿನ ಅದನ್ನು ಒಗೆದಿದ್ದೆವು, ನಾನೂ ಅಕ್ಕನೂ. ಕೆಂಪು ಬಹಳ ಬಿಡುತ್ತಿತ್ತು. ಹಬ್ಬದ ಬಣ್ಣ ಇನ್ನೂ ಹರಿಯುತ್ತಿದ್ದ ಮೋರಿಯಲ್ಲಿ ಅದನ್ನು ಯಾರೂ ಬೇರೆ ಮಾಡಿ ನೋಡಲಿಲ್ಲ. ಯಾವುದರ ನಕಾಶೆ ಎಂದು ನಾನು ಕೇಳಿದ್ದೆ. ಯಾವುದೋ ಹಳೆಯದು ಎಂದಿದ್ದಳು ಅಕ್ಕ. ಹಿಂಡುವಾಗ ನಾನು ಹಿಡಿದ ತುದಿಯನ್ನು ಅವಳು ಬಿಡಿಸಿಕೊಂಡು, ಆ ತುದಿ ನನಗೆ ಕೊಡು ಎಂದು ಮುಷ್ಟಿಯೊಳಗೆ ಹಿಡಿದದ್ದು ಕೊನೆಯವರೆಗೂ ಬಿಟ್ಟಿರಲಿಲ್ಲ. ನಾವು ಖೋಲಿ ಬಿಟ್ಟದ್ದು ಅದಾದ ಮೇಲೆ ಒಂದೂವರೆ ತಿಂಗಳಿಗೆ.

ನಾನು ಸೆಟೆದು ನಿಂತೆ. ಹೆಂಗಸರು ಹೆಸರು ಕೇಳಲು ಕಾದಿದ್ದರು.

"ಹೆಸರು ಇನ್ನಾ ಹೇಳಿಲ್ಲ" ಎಂದೆ. "ನನ್ನ ಮಾನ ಕೊಡ್ರಿ, ಆಮ್ಯಾಲೆ ಹೇಳತೀನಿ."

ಎಲ್ಲರೂ ನಕ್ಕರು. ಹೆಸರು ತಡೆದು ಸೀರೆ ಕೇಳುವುದು, ಬಳೆ ಕೇಳುವುದು ಇಂಥ ಕಡೆ ನಡೆಯುವ ಚೇಷ್ಟೆಯೇ. ಏನು ಬೇಕು ಎಂದು ಯಾರೋ ಕೇಳಿದರು. ಹೊರಖೋಲಿ ಬೇಕು ಎಂದೆ. ಇನ್ನೂ ಜೋರಾಗಿ ನಕ್ಕರು. ನಾನು ನಗಲಿಲ್ಲ. ಕುಂಚಿಗೆಯ ಅಂಚು ಮಡಚಿ ಶಿಕ್ಕಾವನ್ನು ಹೊರಗೆ ಮಾಡಿ, ಹಡಪಸರ, ಖಡಕಿ ಎಂಬುದನ್ನೂ ರದ್ದಾದ ತಾರೀಖನ್ನೂ ಗಟ್ಟಿಯಾಗಿ ಓದಿದೆ. ನಗೆ ಒಂದೊಂದೇ ಬಾಯಲ್ಲಿ ನಿಂತಿತು.

ಭಾವ ಹೊಸ್ತಿಲಿಗೆ ಬಂದ. ಮುಹೂರ್ತ ಮೀರುತ್ತದೆ, ಮೊದಲು ಹೆಸರು ಹೇಳು, ಉಳಿದದ್ದು ಆಮೇಲೆ ಮಾತಾಡೋಣ ಎಂದ. ಆಮೇಲೆ ಎಂಬ ಮಾತನ್ನು ಎಂಟು ತಿಂಗಳು ತಿಂದಿದ್ದೇನೆ, ಹೊಟ್ಟೆ ತುಂಬಿದೆ ಎಂದೆ.

ಆಗ ಲೋಡಿನ ಕಡೆಯಿಂದ ಅವಧೂತರಾಯರ ನಗೆ ಕೇಳಿಸಿತು. ಅವರಿಗೆ ನಮ್ಮ ಜಗಳದ ತಲೆಬುಡ ಗೊತ್ತಿರಲಿಲ್ಲ.

"ಆ ಲೋಕಲ್ಲಿಂದೇನ್ರಿ ಅದು? ಹೋದ ವರ್ಷ ಶಿವರಾತ್ರಿ ಹೊತ್ತಿಗೇ ಮುಗದ್ಹೋತಲ್ಲ. ಭಾಂಬುರ್ಡೆ ತುಂಡು ನಮ್ಮನಿಗೂ ಬಂದದ. ನಮ್ಮಾಕಿ ಅದರಾಗ ಚಹಾ ಸೋಸತಾಳ."

ಹೊರಗೆ ನಾಲ್ಕಾರು ಗಂಡಸರು ನಕ್ಕರು. ಬಾಗಿಲ ಬಳಿ ನಮ್ಮವರು ತಲೆ ಎತ್ತಿ ಮೊದಲು ಅವಧೂತರಾಯರನ್ನು, ಆಮೇಲೆ ಭಾವನನ್ನು ನೋಡಿದರು. ಭಾವ ನೋಡಲಿಲ್ಲ.

"ಕಂಪನಿ ಏನು ನನ್ನ ಕೇಳಿ ರದ್ದ ಮಾಡತದೇನು?" ಎಂದ ನನಗೆ. "ನಾ ಎಲ್ಲಿ ಮುಚ್ಚಿಟ್ಟೆ? ಅರಿವಿ ನಿಮ್ಮ ಕೈಯಾಗ ಇತ್ತು, ನೀವೇ ಒಗದೀರಿ. ಕಣ್ಣಿದ್ದೂ ನೋಡಲಿಲ್ಲ ಅಂದ್ರ ನಾ ಏನು ಮಾಡಲಿ?"

ಅವನ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಅವನಿಂದ ಬೇರೆ ಏನು ಬರಬೇಕು. ನಾನು ಅಕ್ಕನ ಕಡೆ ತಿರುಗಿದೆ. ಒಂದು ಖೋಲಿ ಬಿಡಿಸು, ನಿನ್ನ ತಂಗಿಯ ಗಂಡ ಈ ಮಳೆಗಾಲ ದಾಟುವುದಿಲ್ಲ ಎಂದು ಎಲ್ಲರೆದುರು ಹೇಳಿದೆ. ಅವಳು ತೊಟ್ಟಿಲ ಹಗ್ಗ ಹಿಡಿದು ತೂಗುವುದನ್ನು ನಿಲ್ಲಿಸಿದಳು.

"ನನ್ನ ಮಕ್ಕಳು ಒಂದ ಖೋಲ್ಯಾಗ ಒಬ್ಬರ ಮ್ಯಾಲೆ ಒಬ್ಬರು ಮಲಗತಿದ್ವು, ಭಾಮಾ. ನೀವಿಬ್ಬರು ಎರಡು ಖೋಲ್ಯಾಗ ಕಾಲು ಚಾಚಿ ಮಲಗತಿದ್ರಿ. ಮಕ್ಕಳಿಲ್ಲದಾಕಿಗೆ ಎರಡು ಖೋಲಿ ಯಾಕ ಬೇಕಿತ್ತು?"

ಅಷ್ಟು ಹೇಳಿ, ಬಾಣಂತಿ ಮೈ ಎತ್ತಿಕೊಂಡು ಎದ್ದು, ನನ್ನನ್ನು ಪಕ್ಕಕ್ಕೆ ಸರಿಸಿ, ತಾನೇ ತೊಟ್ಟಿಲೊಳಗೆ ಬಗ್ಗಿ ಮಗನ ಕಿವಿಯಲ್ಲಿ ಹೆಸರು ಹೇಳಿದಳು. ಅವಳ ಬೆನ್ನಿಗೆ ಯಾರೂ ಗುದ್ದಲಿಲ್ಲ. ಕುಂಚಿಗೆ ಬಿಚ್ಚಿ ನನ್ನ ಕೈಯಲ್ಲಿ ತುರುಕಿದಳು. ಹೊರಗೆ ಎಲೆ ಹಾಕಲು ಶುರುಮಾಡಿದರು.

ನಾವು ಊಟಕ್ಕೆ ನಿಲ್ಲಲಿಲ್ಲ. ನಮ್ಮವರು ಸೈಕಲ್ ನೂಕಿಕೊಂಡು, ನಾನು ಪಕ್ಕದಲ್ಲಿ, ಬಿಸಿಲಲ್ಲಿ ಸ್ವಾರ್ಗೇಟಿನವರೆಗೆ ನಡೆದೆವು. ಬಾಯಿಗೆ ಬಂದದ್ದನ್ನೆಲ್ಲ ನಾನು ಮನಸ್ಸಿನಲ್ಲೇ ಬೈದೆ: ಭಾವನನ್ನು, ಅಕ್ಕನನ್ನು, ಚಹಾ ಸೋಸುವ ಆ ರಾಯರ ಹೆಂಡತಿಯನ್ನು, ಗೆರೆ ಎಳೆದು ಅಳಿಸುವ ಸಾಹೇಬರನ್ನು, ಎಲ್ಲವನ್ನೂ ನಂಬುವ ಈ ಮನುಷ್ಯನನ್ನು. ಕಾಲುವೆಯ ಹತ್ತಿರ ಅವರು ನಿಂತು ಕೈ ಚಾಚಿದರು. ಕುಂಚಿಗೆ ಕೊಟ್ಟೆ. ತಾರೀಖು ಓದಿದರು, ಬೆರಳಿನಿಂದ ಒಂದು ಸಲ ಸವರಿದರು.

"ಒಗಿಯೋ ಮುಂದ ನೀನೂ ಇದ್ದೇನು?" ಎಂದು ಕೇಳಿದರು.

"ಇದ್ದೆ."

"ಆವತ್ತು ಊಟಕ್ಕ ಕೂತಾಗ ಹೇಳಿದ್ದಿ. ಕೆಂಪು ಹೋಗವಲ್ಲದು, ಕೈ ನೋಯಾಕತ್ಯಾವ ಅಂತ."

ನನಗೆ ಅದು ನೆನಪಿರಲಿಲ್ಲ. ಅವರು ಹೇಳಿದ ಮೇಲೆ ನೆನಪಾಯಿತು. ಅವರ ಧ್ವನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಾನು ತಿರುಗಿ ಜಗಳಾಡಬಹುದಿತ್ತು.

ಸಂಜೆ ಕುಂಚಿಗೆಯ ಹೊಲಿಗೆ ಬಿಚ್ಚಿ ಬಟ್ಟೆಯನ್ನು ಹರವಿದೆ. ಚಳಿಗೆ ಕೊರಳು ಮುಚ್ಚಿಕೊಳ್ಳಲು ಸಾಕಾಗುವಷ್ಟಿತ್ತು. ಮರುದಿನ ಬೆಳಗಿನ ಐದಕ್ಕೆ ಅವರು ಅದನ್ನು ಕೊರಳಿಗೆ ಸುತ್ತಿಕೊಂಡು, ಒಂದೆರಡು ಸಲ ಕೆಮ್ಮಿ, ಸೈಕಲ್ ಹತ್ತಿದರು. ಶಿಕ್ಕಾದ ಮೂಲೆ ಬೆನ್ನ ಮೇಲೆ ಇಳಿಬಿದ್ದಿತ್ತು. ಹಡಪಸರದಿಂದ ಖಡಕಿಯವರೆಗಿನ ಕೆಂಪು ಗೆರೆ ಮಾತ್ರ ಎಲ್ಲೂ ಕಾಣಲಿಲ್ಲ. ಒಗೆಯುವ ದಿನ ಅಕ್ಕ ಇನ್ನು ಸಾಕು ಬಿಡು ಎಂದಿದ್ದಳು. ನಾನೇ ಬಿಡದೆ, ಸೋಪು ಹಚ್ಚಿ ಹಚ್ಚಿ, ಅದು ಪೂರ್ತಿ ಹೋಗುವ ತನಕ ತಿಕ್ಕಿದ್ದೆ.