ಮಗ್ಗುಲು ಕಪ್ಪಾದ ಪುಸ್ತಕಗಳು

"ಇವನ್ನ ಯಾರೂ ಓದಿಲ್ಲ ತಂಗಿ. ಅತ್ತಾಗ ಇಡು," ಎನ್ನುತ್ತ ಮಹಾದೇವಿ, ವಿಜೇತಾ ಎರಡು ಗಂಟೆ ಕೂತು ಆರಿಸಿದ್ದ ಹನ್ನೆರಡು ಪುಸ್ತಕಗಳ ಗುಡ್ಡೆಯನ್ನು ಒಂದೇ ಕೈಯಲ್ಲಿ ಆಚೆ ದೂಡಿದಳು.

ವಿಜೇತಾಳಿಗೆ ಮೈಯೆಲ್ಲ ಉರಿದುಹೋಯಿತು. ಶನಿವಾರದ ಒಂದು ಮಧ್ಯಾಹ್ನ ಸಿಗುವುದೇ ಕಷ್ಟ. ಅದನ್ನು ಭಾಂಡುಪ್ ಸ್ಟೇಶನ್ನಿನ ಹಿಂದಿನ ಈ ರದ್ದಿ ಅಂಗಡಿಯ ತಗಡಿನ ಕೆಳಗೆ ಬೆವರು ಸುರಿಸುತ್ತ ಕಳೆದಿದ್ದಳು. ಫೋನಿನಲ್ಲಿ ನಾಲ್ಕು ಪಟ್ಟಿ, ನಾಲ್ಕರದ್ದೂ ಒಂದೇ ಹೆಸರು: ಸಾಯುವ ಮೊದಲು ಓದಲೇಬೇಕಾದ ವೈಜ್ಞಾನಿಕ ಕಾದಂಬರಿಗಳು. ಅವನ್ನು ತಾಳೆ ಹಾಕಿ, ಬಹುಮಾನ ಬಂದದ್ದು ಯಾವುದೆಂದು ನೋಡಿ, ಅದರಲ್ಲೂ ಒಂದೂ ಕಲೆಯಿಲ್ಲದ ಪ್ರತಿಗಳನ್ನೇ ಹುಡುಕಿ ತೆಗೆದಿದ್ದಳು. ಈಗ ನೋಡಿದರೆ ಅಕ್ಷರವೇ ಬಾರದ ಈ ಹೆಂಗಸು ಬೇಡ ಅನ್ನುತ್ತಿದ್ದಾಳೆ!

"ಅಲ್ಲ ಮೌಶಿ, ನಿಮಗೆ ಹೇಗೆ ಗೊತ್ತಾಗುದು? ಇದಕ್ಕೆ ಎಷ್ಟು ದೊಡ್ಡ ಅವಾರ್ಡ್ ಸಿಕ್ಕಿದ್ದು ಉಂಟು, ಮಾಲೂಮ್ ಹೈ?"

"ಸಿಕ್ಕಿರಬೇಕು. ಅದರ ಮಗ್ಗಲು ನೋಡು." ಮಹಾದೇವಿ ಮುಚ್ಚಿದ ಪುಸ್ತಕವನ್ನು ಅಡ್ಡ ಮಾಡಿ ಬೆಳಕಿಗೆ ಹಿಡಿದಳು. ಹಾಳೆಗಳ ಅಂಚು ಮೊದಲಿಗೆ ಒಂದು ಬೆರಳಿನಷ್ಟು ದಪ್ಪ ಮಾಸಿತ್ತು. ಅಲ್ಲಿಂದಾಚೆಗೆ ಕಡೆಯವರೆಗೂ ಬೆಳ್ಳಗೆ ಬೆಳ್ಳಗೆ. "ಇಲ್ಲಿತನಕ ಓದ್ಯಾರ. ಇಲ್ಲಿ ಬೇಸರ ಬಂದದ. ಆಮ್ಯಾಲ ನನ್ನ ಅಂಗಡಿಗಿ ಹಾಕ್ಯಾರ. ಉಳಿದ ಹಾಳಿ ತೆರದೇ ಇಲ್ಲ, ಹೊಸಾ ಸೀರಿ ಹಂಗ ಮಡಚಿದ್ದು ಮಡಚೇ ಅವ."

ವಿಜೇತಾ ಆ ಬಿಳಿ ಅಂಚನ್ನು ಸವರಿ ನೋಡಿದಳು. ಮೂರು ತಿಂಗಳ ಹಿಂದೆ ಅವಳು ಕಾಲನಿಯ ವಾಚನಾಲಯಕ್ಕೆ ಆರಿಸಿ ತಂದದ್ದೂ ಇಂಥವೇ, ಫಳಫಳ ಹೊಳೆಯುವ ಇಪ್ಪತ್ತು ಪುಸ್ತಕ. ಇಂದಿನವರೆಗೆ ಒಂದೇ ಒಂದೂ ಹೊರಗೆ ಹೋಗಿರಲಿಲ್ಲ. ಸೆಕ್ರೆಟರಿ ಸೋಮನಾಥ ಅಂಕಲ್ ಒಳ್ಳೆಯವರೇ, ಆದರೆ ಮೊನ್ನೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ತಿಂಗಳ ಕೊನೆಯೊಳಗೆ ಹತ್ತು ಜನರಾದರೂ ಒಯ್ಯದಿದ್ದರೆ ಅವನ್ನು ಇಟ್ಟ ಕಪಾಟು ಬ್ಯಾಂಕ್ ಪರೀಕ್ಷೆಯ ಗೈಡುಗಳಿಗೆ. ಆ ಮಾತು ಅವಳಿಗೆ ನಾಟಿತ್ತು. ಅಪ್ಪ ಹೋಟೆಲಿನಲ್ಲಿ ದುಡಿಯುತ್ತಿದ್ದ ಕಾಲದಲ್ಲಿ, ಹತ್ತಡಿಯ ಖೋಲಿಯಲ್ಲಿ ಐದು ಜನ ಸಾಲಾಗಿ ಮಲಗುವಾಗ, ಇದೇ ವಾಚನಾಲಯದ ಒಂದು ಹರಕು ಪುಸ್ತಕ ಅವಳಿಗೆ ಮೂರು ಚಂದ್ರರಿರುವ ಆಕಾಶವನ್ನು ತೋರಿಸಿತ್ತು. ಕಪಾಟು ಹೋದರೆ ಇನ್ನು ಯಾವ ಹುಡುಗಿಗೂ ಅದು ಸಿಗುವುದಿಲ್ಲ.

"ಹಾಗಾದ್ರೆ ನೀವೇ ಆರಿಸಿ ಕೊಡಿ ಮೌಶಿ," ಎಂದಳು, ಅರ್ಧ ಸೋತು, ಅರ್ಧ ಸವಾಲಿನಂತೆ.

ಮಹಾದೇವಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಗಂಡ ಖಂಡಪ್ಪ ಕೈಗಾಡಿಯಲ್ಲಿ ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ತಿರುಗಿ ತಂದದ್ದನ್ನು ವಿಂಗಡಿಸುವ ಕೆಲಸ ಇಪ್ಪತ್ತೆರಡು ವರ್ಷದಿಂದ ಅವಳದೇ. ಪೇಪರು ಒಂದು ಕಡೆ, ಶಾಲೆಯ ಪುಸ್ತಕ ಇನ್ನೊಂದು ಕಡೆ, ರಟ್ಟಿನ ಮೇಲೆ ರಾಕೆಟ್ಟೋ ಗ್ರಹವೋ ಇದ್ದರೆ ಗೋಡೆಯ ಮೂಲೆಗೆ. ಈಗ ಆ ಮೂಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿದಳು. ರಟ್ಟು ನೋಡಲಿಲ್ಲ. ಅಂಚು ನೋಡಿದಳು, ಬೆನ್ನು ಸವರಿದಳು, ಮೂಗಿಗೆ ಹಿಡಿದಳು.

"ಇದು ತಗೋ. ನಟ್ಟನಡುವೆ ಅರಿಶಿಣದ ಬೆರಳು. ಒಲಿ ಮುಂದ ನಿಂತು ಓದ್ಯಾಳ, ಪಲ್ಯ ಸೀಸ್ಯಾಳ. ಇದಕ್ಕ ತಲಿ ಎಣ್ಣಿ ವಾಸನಿ, ದಿಂಬಿನ ಬಾಜೂಕ ಇಟ್ಕೊಂಡು ಮಲಗ್ಯಾರ. ಇದು ಬ್ಯಾಡ, ಮೊದಲು ಮತ್ತ ಕಡೀಕ ಅಷ್ಟೇ ಹೊಲಸಾಗ್ಯದ, ನಡುವೆ ಹಾರಿಸ್ಯಾರ. ಅಯ್ಯ, ಇದು ನೋಡು! ಕಡೀ ಹಾಳಿತನಕ ಒಂದೇ ಸಮ ಕರ್ರಗಾಗ್ಯದ. ಕಣ್ಣು ಮುಚ್ಚಿ ಒಯ್ಯಿ."

ವಿಜೇತಾ ನೋಡುತ್ತಲೇ ಇದ್ದಳು. ವಿಕ್ರೋಳಿಯ ಅವಳ ಆಫೀಸಿನಲ್ಲಿ ಯಾವ ವಸ್ತುವನ್ನು ಯಾರು ಕೊಳ್ಳುತ್ತಾರೆಂದು ಹೇಳಲು ಹದಿನೈದು ಜನ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಅವರೆಲ್ಲರನ್ನೂ ಈ ಹೆಂಗಸು ಒಂದು ಹೆಬ್ಬೆರಳಲ್ಲಿ ಸೋಲಿಸುತ್ತಾಳಲ್ಲ ಎನ್ನಿಸಿತು. ಸಿಟ್ಟು ಎಲ್ಲಿ ಹೋಯಿತೋ, ಕೈಮುಗಿಯಬೇಕು ಅನ್ನುವಷ್ಟು ಗೌರವ ಬಂತು.

ಹತ್ತೊಂಬತ್ತು ಆದವು. ಇಪ್ಪತ್ತನೆಯದನ್ನು ಮಹಾದೇವಿ ತಾನು ಕೂರುವ ಗೋಣಿತಟ್ಟಿನ ಅಡಿಯಿಂದ ತೆಗೆದಳು. ರಟ್ಟೇ ಇಲ್ಲದ ಪುಸ್ತಕ.

"ಇದು ನಾಕು ಸಲ ಬಂದದ ನನ್ನ ಕಡಿ. ಮಾರ್ತೀನಿ, ಓದ್ತಾರ, ತಿರುಗಿ ಬರ್ತದ. ಹ್ಯಾಂಗ ಬಿಟ್ಟರೂ ಇಲ್ಲೇ ತೆರೀತದ." ನೆಲಕ್ಕಿಟ್ಟು ಕೈ ಬಿಟ್ಟಳು. ಪುಸ್ತಕ ತಾನಾಗಿ ತೆರೆದುಕೊಂಡಿತು. ಆ ಎರಡು ಪುಟಗಳ ಕೆಳಗಿನ ಮೂಲೆಗಳು ಎಷ್ಟೋ ಜನರ ಹೆಬ್ಬೆರಳಿನಿಂದ ಕಪ್ಪಾಗಿದ್ದವು. "ಎಲ್ಲರೂ ಇಲ್ಲೇ ನಿಂತಾರ. ಏನದ ಇಲ್ಲಿ ಅಂತ ಯಾರನ್ನರೆ ಕೇಳಬೇಕಂತೀನಿ, ನಾಚಿಕಿ ಬರ್ತದ. ಒಯ್ಯಿ. ಖರೇ, ಓದಿ ಬಂದು ನನಗ ಹೇಳಬೇಕು."

ತಿಂಗಳ ಕೊನೆಯ ಶನಿವಾರ ವಿಜೇತಾ ಓಡುತ್ತಲೇ ಬಂದಳು.

"ಮೌಶಿ, ಹದಿನಾರು ಬುಕ್ ಹೊರಗೆ ಹೋಗಿ ಆಯ್ತು! ಸೋಮನಾಥ ಅಂಕಲ್ ಆ ಅರಿಶಿನದ ಬೆರಳಿನದ್ದು ಒಯ್ದವರು ವಾಪಸ್ ಕೊಡುದೇ ಇಲ್ಲ, ಮಾರಾಯ್ರೆ. ಹೆಂಡತಿ ಓದ್ತಿದ್ದಾಳಂತೆ. ಕಪಾಟು ನಮ್ಮದೇ, ಪಕ್ಕಾ!"

"ಪಲ್ಯ ಸೀಸ್ಯಾಳೇನು ಕೇಳು," ಎಂದು ಮಹಾದೇವಿ ನಕ್ಕಳು. ಕೈಯಲ್ಲಿದ್ದ ಪೇಪರಿನ ಕಟ್ಟು ಬದಿಗಿಟ್ಟು, ಗೋಣಿತಟ್ಟಿನ ಮೇಲೆ ಜಾಗ ಮಾಡಿಕೊಟ್ಟಳು. "ಅದು ಹೇಳು ಮೊದಲು. ನಂದು."

ವಿಜೇತಾ ರಟ್ಟಿಲ್ಲದ ಪುಸ್ತಕ ತೆಗೆದಳು. ಅದಕ್ಕೀಗ ಕಂದು ಕಾಗದದ ಹೊದಿಕೆ ಬಂದಿತ್ತು. ಒಳಗೆ, ಅವಳೇ ಮಾಡಿಸಿದ ಠಸ್ಸೆ: 'ದಯವಿಟ್ಟು ಪುಟಗಳನ್ನು ಕೊಳೆ ಮಾಡಬೇಡಿ.'

"ಒಂದು ದೊಡ್ಡ ಹಡಗು ಮೌಶಿ, ಆಕಾಶದ್ದು. ಭೂಮಿ ಬಿಟ್ಟು ಇನ್ನೂರು ವರ್ಷ ಆಗಿದೆ. ಅದರಲ್ಲಿ ಇದ್ದವರೆಲ್ಲ ಅಲ್ಲೇ ಹುಟ್ಟಿದವರು, ನೆಲ ಅಂದ್ರೆ ಎಂತ ಅಂತ ಯಾರಿಗೂ ಗೊತ್ತಿಲ್ಲ. ಅಡುಗೆಯ ಒಬ್ಬ ಮುದುಕನ ಹತ್ತಿರ ಒಂದು ಡಬ್ಬಿ ಉಂಟು. ಅದರಲ್ಲಿ ಒಂದು ಮುಷ್ಟಿ ಮಣ್ಣು. ಭೂಮಿಯದ್ದು. ಉಳಿದದ್ದು ಅಷ್ಟೇ. ವರ್ಷಕ್ಕೆ ಒಮ್ಮೆ ಎಲ್ಲರಿಗೂ ತೋರಿಸುದು. ಒಂದು ದಿನ ಒಂದು ಸಣ್ಣ ಹುಡುಗಿ ಕದ್ದು ಅದನ್ನು ತಿಂದುಬಿಡ್ತಾಳೆ. ಪೂರಾ."

"ಅಯ್ಯ ಶಿವನೇ!"

"ಎಲ್ಲರೂ ಓಡಿ ಬರ್ತಾರೆ. ಈಗ ಮುದುಕ ಹೊಡೀತಾನೆ ಅಂತ ನೋಡ್ತಾ ನಿಂತಿದ್ದಾರೆ. ಅವ ಹೊಡೆಯುದಿಲ್ಲ. ಅವಳ ಎದುರು ನೆಲದಲ್ಲಿ ಕೂತು ಮೆಲ್ಲ ಕೇಳ್ತಾನೆ: ಹೇಗಿತ್ತು ಮಗಾ, ರುಚಿ?" ವಿಜೇತಾ ಪುಟದ ಕೊನೆಯ ಸಾಲಿನ ಕೆಳಗೆ ಬೆರಳಿಟ್ಟಳು. "ಈ ಪೇಜ್ ಇಲ್ಲಿಗೆ ಮುಗೀತದೆ."

ಅವಳು ಹಾಳೆ ಮಗುಚಲು ಹೋದಾಗ ಮಹಾದೇವಿ ತಡೆದಳು. ಸ್ಟೇಶನ್ನಿನಲ್ಲಿ ಒಂದು ಲೋಕಲ್ ರೈಲು ನಿಂತು ಹೋಯಿತು.

"ನನ್ನ ಹಿರೇ ಮಗಳು ಹೊಟ್ಟ್ಯಾಗ ಇದ್ದಾಗ ಬಿಲ್ಡಿಂಗ್ ಕೆಲಸಕ್ಕಂತ ಇಲ್ಲಿಗಿ ಬಂದಿದ್ವಿ. ಎಲ್ಲಿ ನೋಡಿದರೂ ಸಿಮೆಂಟ. ಹೊಲದ ಎರಿ ಮಣ್ಣು ಸೆರಗಿನ್ಯಾಗ ಕಟ್ಟಿಕೊಂಡು ಬಂದಿದ್ದೆ, ಇಷ್ಟೇ ಇಷ್ಟು. ದಿನಾ ಚೂರು ಚೂರು ಕದ್ದು ತಿಂತಿದ್ದೆ. ನಮ್ಮತ್ತಿ ಕಂಡು ನನ್ನ ಬಾಯಿಗೆ ಬಡದಳು." ಅವಳು ಪುಟವನ್ನೇ ನೋಡುತ್ತಿದ್ದಳು. "ಹ್ಯಾಂಗಿತ್ತು ಅಂತ ಯಾರೂ ಕೇಳಲಿಲ್ಲ ನೋಡು."

ವಿಜೇತಾ ಕೇಳಿದಳು.

"ಹೇಗಿತ್ತು, ಮೌಶಿ?"

ಮಹಾದೇವಿ ಬಗ್ಗಿದಳು. ಬೆಳಗಿನಿಂದ ಪೇಪರು ಎಣಿಸಿ ಮಸಿಯಾಗಿದ್ದ ಹೆಬ್ಬೆರಳನ್ನು ಆ ಪುಟದ ಮೂಲೆಯಲ್ಲಿ, ಉಳಿದವರ ಗುರುತುಗಳ ಪಕ್ಕಕ್ಕೇ ಒತ್ತಿ ಹಿಡಿದುಕೊಂಡಳು. ಅವಳ ನಾಲಿಗೆ ಬಾಯೊಳಗೆ ಮೆಲ್ಲನೆ ಆಡುತ್ತಿತ್ತು. ವಿಜೇತಾ ಪುಸ್ತಕ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಕಾಯುತ್ತ ಕೂತಳು.